ನೆನಪು ಹೋದ ಮೇಲೆ ನಂಬಿಕೆ ಎಲ್ಲಿರುತ್ತದೆ?

ಇವತ್ತಿನ ವಾಕ್ಯಭಾಗ ಯೆಶಾಯ 46ನೇ ಅಧ್ಯಾಯ, 3 ಮತ್ತು 4ನೇ ವಚನ. ಬೈಬಲ್ ತಂದವರು ತೆರೆಯಿರಿ, ಫೋನಿನಲ್ಲಿ ಓದುವವರು ಫೋನಿನಲ್ಲೇ ತೆಗೆಯಿರಿ. ವಾಟ್ಸ್ಆ್ಯಪ್ ಮಾತ್ರ ಆಮೇಲೆ.

ಈ ಅಧ್ಯಾಯದ ಶುರುವಿನಲ್ಲಿ ಒಂದು ಚಿತ್ರ ಇದೆ. ಬಾಬೆಲಿನವರು ತಮ್ಮ ದೇವತೆಗಳಾದ ಬೇಲ್ ಮತ್ತು ನೆಬೋವನ್ನು ದನಗಳ ಮೇಲೆ, ಪಶುಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದಾರೆ. ಭಾರಕ್ಕೆ ಪ್ರಾಣಿಗಳು ಸುಸ್ತಾಗಿ ಬಗ್ಗಿಹೋಗಿವೆ. ಅದಾದ ಮೇಲೆ ಕರ್ತನು ತನ್ನ ಜನರ ಕಡೆ ತಿರುಗಿ ಹೇಳುವ ಮಾತಿನ ಸಾರಾಂಶ ಇಷ್ಟು: ನೀವು ತಾಯಿಯ ಗರ್ಭದಲ್ಲಿದ್ದಾಗಿಂದ ನಿಮ್ಮನ್ನು ಹೊತ್ತವನು ನಾನು, ನಿಮ್ಮ ತಲೆ ನರೆತ ಮೇಲೆಯೂ ಹೊರುವವನು ನಾನೇ. ಗಮನಿಸಿದ್ರಾ? ಒಂದು ಕಡೆ ಜನ ಹೊರಬೇಕಾದ ದೇವರುಗಳು. ಇನ್ನೊಂದು ಕಡೆ ಜನರನ್ನು ಹೊರುವ ದೇವರು. ಈ ವ್ಯತ್ಯಾಸ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ಪ್ರಶ್ನೆಗೆ ಬರೋಣ. ನಮ್ಮ ಯೂತ್ ಗುಂಪಿನಲ್ಲಿ ಒಬ್ಬ ತಂಗಿ ಕೇಳಿದ ಪ್ರಶ್ನೆ ಇದು. "ಬ್ರದರ್, ನಮ್ಮ ಅಜ್ಜಿ ಇಷ್ಟು ವರ್ಷ ಮಳೆ ಬರಲಿ ಬಿಸಿಲು ಬರಲಿ ಸಭೆ ತಪ್ಪಿಸಿದವರಲ್ಲ. ಉಪವಾಸ ಪ್ರಾರ್ಥನೆ ಮಾಡಿ ನಮ್ಮನ್ನೆಲ್ಲ ಬೆಳೆಸಿದವರು. ಈಗ ಯೇಸು ಯಾರು ಅಂತ ಕೇಳಿದರೆ ಸುಮ್ಮನೆ ಮುಖ ನೋಡ್ತಾರೆ. ಅವರ ರಕ್ಷಣೆ ಏನಾಗುತ್ತೆ?"

ಇದು ಸಣ್ಣ ಪ್ರಶ್ನೆ ಅಲ್ಲ. ಬಾಯಿಂದ ಅರಿಕೆ ಮಾಡಬೇಕು, ಹೃದಯದಿಂದ ನಂಬಬೇಕು ಅಂತ ರೋಮಾಪುರದವರಿಗೆ 10ನೇ ಅಧ್ಯಾಯದಿಂದ ಪ್ರಸಂಗ ಮಾಡುವವರು ನಾವು. ಬಾಯಿಗೆ ಮಾತೇ ಸಿಗದಿದ್ದರೆ? ಹೃದಯದಲ್ಲಿ ಏನಿದೆ ಅಂತ ಆ ವ್ಯಕ್ತಿಗೇ ಗೊತ್ತಾಗದಿದ್ದರೆ? ಆರಾಧನೆಯಲ್ಲಿ ಅನುಭವ ಆಗಬೇಕು, ಸಾನ್ನಿಧ್ಯ ಗೊತ್ತಾಗಬೇಕು ಅನ್ನುವ ನಮಗೆ, ಗೊತ್ತಾಗುವ ಶಕ್ತಿಯೇ ಹೋದವರ ಬಗ್ಗೆ ಹೇಳೋಕೆ ಏನಿದೆ? ಇದಕ್ಕೆ ಉತ್ತರ ಹುಡುಕುವಾಗ ಒಬ್ಬ ತಾಯಿಯ ದೀರ್ಘ ಜೀವನ ನನಗೆ ತುಂಬಾ ಸಹಾಯ ಮಾಡಿತು. ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಅವರ ಹೆಸರು ಸಾಂಡ್ರಾ ಡೇ ಓಕಾನರ್. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ಜಡ್ಜ್. ಹುಟ್ಟಿದ್ದು 1930ರ ಮಾರ್ಚ್ 26, ತೀರಿಕೊಂಡದ್ದು 2023ರ ಡಿಸೆಂಬರ್ 1. 93 ವರ್ಷ. ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ಅವರು ನಮ್ಮ ಹಾಗೆ ಪೆಂಟೆಕೋಸ್ಟಲ್ ಅಲ್ಲ, ಎಪಿಸ್ಕೋಪಲ್ ಸಭೆಯವರು. ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನ ಆಡಳಿತ ಮಂಡಳಿಯಲ್ಲಿ ಸೇವೆ ಮಾಡಿದವರು. ಅವರ ಅಂತ್ಯಕ್ರಿಯೆಯ ಆರಾಧನೆ ನಡೆದದ್ದೂ ಅಲ್ಲಿಯೇ. ಅವರ ಎಲ್ಲಾ ತೀರ್ಪುಗಳನ್ನು ನಾವು ಒಪ್ಪುತ್ತೇವೆ ಅಂತಲ್ಲ. 1992ರಲ್ಲಿ ಗರ್ಭಪಾತದ ವಿಷಯದಲ್ಲಿ ಇನ್ನಿಬ್ಬರು ಜಡ್ಜ್‌ಗಳ ಜೊತೆ ಅವರು ಬರೆದ ತೀರ್ಪು ನಮ್ಮಲ್ಲಿ ಹಲವರಿಗೆ ನೋವು ಕೊಡುವಂಥದ್ದು. ಆದರೆ ಇವತ್ತು ನಾನು ಅವರ ತೀರ್ಪುಗಳ ಬಗ್ಗೆ ಮಾತಾಡ್ತಿಲ್ಲ, ಅವರ ಜೀವನದ ಬಗ್ಗೆ ಮಾತಾಡ್ತಿದ್ದೇನೆ.

ಅವರು ಬೆಳೆದದ್ದು ಒಂದು ರ್‍ಯಾಂಚ್‌ನಲ್ಲಿ. ರ್‍ಯಾಂಚ್ ಅಂದರೆ ನಮ್ಮ ತೋಟ, ಹೊಲ ಅಂದುಕೊಳ್ಳಬೇಡಿ. ಅರಿಜೋನಾ ಮತ್ತು ನ್ಯೂ ಮೆಕ್ಸಿಕೋ ರಾಜ್ಯಗಳ ಗಡಿಯಲ್ಲಿ, ಒಣಗಿದ ಮರುಭೂಮಿಯಂಥ ಪ್ರದೇಶದಲ್ಲಿ, ಎರಡು ಲಕ್ಷ ಎಕರೆಗೆ ಹತ್ತಿರವಾದ ದನ ಮೇಯಿಸುವ ಬಯಲು. ಅವರ ತಾತ 1880ರಲ್ಲಿ ಶುರು ಮಾಡಿದ್ದು. ಟಾರು ರಸ್ತೆ ಬೇಕಂದರೆ ಒಂಬತ್ತು ಮೈಲಿ ಹೋಗಬೇಕು. ಅವರಿಗೆ ಏಳು ವರ್ಷ ಆಗುವವರೆಗೆ ಮನೆಯಲ್ಲಿ ಕರೆಂಟ್ ಇರಲಿಲ್ಲ, ನಲ್ಲಿ ನೀರೂ ಇರಲಿಲ್ಲ. ಹತ್ತಿರ ಸ್ಕೂಲಿಲ್ಲದ ಕಾರಣ ಎಲ್ ಪಾಸೋ ನಗರದಲ್ಲಿದ್ದ ಅಜ್ಜಿಯ ಮನೆಯಲ್ಲಿ ಬಿಟ್ಟು ಓದಿಸಿದರು.

ಅಂಥ ಜಾಗದಲ್ಲಿ ನೆಪಕ್ಕೆ ಬೆಲೆ ಇಲ್ಲ. ತಮ್ಮನ ಜೊತೆ ಸೇರಿ 2002ರಲ್ಲಿ ಹೊರತಂದ ಪುಸ್ತಕದಲ್ಲಿ ಅವರೇ ಒಂದು ಘಟನೆ ಹೇಳುತ್ತಾರೆ. ಹದಿಹರೆಯದ ಹುಡುಗಿ, ದೂರದಲ್ಲಿ ದನ ಒಟ್ಟುಗೂಡಿಸುತ್ತಿದ್ದ ಕೆಲಸಗಾರರಿಗೆ ಟ್ರಕ್ಕಿನಲ್ಲಿ ಮಧ್ಯಾಹ್ನದ ಊಟ ತಗೊಂಡು ಒಬ್ಬಳೇ ಹೊರಟಿದ್ದಾಳೆ. ನಡುದಾರಿಯಲ್ಲಿ ಟೈರ್ ಪಂಕ್ಚರ್. ಸಹಾಯಕ್ಕೆ ಒಂದು ನರಪಿಳ್ಳೆ ಇಲ್ಲ. ಚಕ್ರದ ನಟ್ಟುಗಳು ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ. ಸ್ಪ್ಯಾನರ್ ಮೇಲೆ ಮೈಯ ಭಾರವೆಲ್ಲ ಹಾಕಿ ಹೇಗೋ ಬಿಚ್ಚಿ, ಬೇರೆ ಚಕ್ರ ಹಾಕಿ, ಊಟ ತಲುಪಿಸಿದಳು. ಆದರೆ ತಡವಾಯಿತು. ಅಪ್ಪ ಶಭಾಷ್ ಅನ್ನಲಿಲ್ಲ. ಇನ್ನೂ ಬೇಗ ಹೊರಡಬೇಕಿತ್ತು ಅನ್ನುವ ಅರ್ಥದಲ್ಲಿ ಒಂದು ಮಾತು ಹೇಳಿದರು, ಅಷ್ಟೇ.

ಈ ಪಾಠ ಅವರನ್ನು ಬಹಳ ದೂರ ಕರಕೊಂಡು ಹೋಯಿತು. 1952ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಲಾ ಮುಗಿಸಿದರು. ಹೆಂಗಸು ಅನ್ನುವ ಕಾರಣಕ್ಕೆ ಯಾರೂ ವಕೀಲರ ಕೆಲಸ ಕೊಡಲಿಲ್ಲ. ಒಂದು ಕಡೆ ಸೆಕ್ರೆಟರಿ ಕೆಲಸ ಬೇಕಾದರೆ ಇದೆ ಅಂದರು. ಅವರು ಸಂಬಳವಿಲ್ಲದೆ ಒಂದು ಸರ್ಕಾರಿ ವಕೀಲರ ಕಚೇರಿಯಲ್ಲಿ ಶುರು ಮಾಡಿದರು. ಅದೇ ವರ್ಷ ಆ ರ್‍ಯಾಂಚ್‌ನಲ್ಲೇ ಜಾನ್ ಓಕಾನರ್ ಅವರ ಜೊತೆ ಮದುವೆ. ಮೂರು ಗಂಡುಮಕ್ಕಳು. 1981ರಲ್ಲಿ ಸೆನೆಟ್ 99 ಮತ ಪರವಾಗಿ, ಒಂದೂ ವಿರೋಧವಿಲ್ಲದೆ ಅವರನ್ನು ಸುಪ್ರೀಂ ಕೋರ್ಟಿಗೆ ಒಪ್ಪಿತು. 1988ರಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಕೆಲವೇ ದಿನಗಳಲ್ಲಿ ಮತ್ತೆ ಕೋರ್ಟಿನ ಪೀಠದಲ್ಲಿ ಕೂತಿದ್ದರು.

ಇಲ್ಲಿಯವರೆಗೆ ಕೇಳಿದರೆ ಇದು ಮೋಟಿವೇಷನಲ್ ವಿಡಿಯೋ ಥರ ಇದೆ, ಅಲ್ವಾ? ಕಷ್ಟಪಟ್ಟಳು, ಗೆದ್ದಳು. ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ಹೊಡೆದು ಮನೆಗೆ ಹೋಗಬಹುದು. ಆದರೆ ಈ ತಾಯಿಯ ಜೀವನದಿಂದ ನಾನು ಕಲಿತದ್ದು ಇದರ ನಂತರದ ಭಾಗದಲ್ಲಿದೆ.

1990ರ ಸುಮಾರಿಗೆ ಅವರ ಗಂಡ ಜಾನ್‌ಗೆ ಆಲ್ಝೈಮರ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಮರೆವಿನ ಕಾಯಿಲೆ. ಅವರನ್ನು ಒಂಟಿಯಾಗಿ ಬಿಡಲಾಗದೆ ಕೋರ್ಟಿನ ತಮ್ಮ ಕೊಠಡಿಗೂ ಕರಕೊಂಡು ಹೋಗುತ್ತಿದ್ದರು. 2005ರಲ್ಲಿ, 75ನೇ ವಯಸ್ಸಿನಲ್ಲಿ, ಗಂಡನನ್ನು ನೋಡಿಕೊಳ್ಳಬೇಕು ಅಂತ ನಿವೃತ್ತಿ ಘೋಷಿಸಿದರು. ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಗೆ ನಿವೃತ್ತಿ ವಯಸ್ಸೇ ಇಲ್ಲ, ಬದುಕಿರುವವರೆಗೂ ಇರಬಹುದು. ಎಷ್ಟೋ ಮುಖ್ಯ ಕೇಸುಗಳಲ್ಲಿ ಅವರ ಒಂದು ಮತದ ಮೇಲೆ ತೀರ್ಪು ನಿಲ್ಲುತ್ತಿತ್ತು. ಆ ಕುರ್ಚಿ ಬಿಟ್ಟು ಬಂದರು.

ಬಂದ ಮೇಲೆ ಏನಾಯಿತು? ಕಾಯಿಲೆ ಜೋರಾಯಿತು. ಜಾನ್ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. ಅಲ್ಲಿ, ಹೆಂಡತಿ ಇದ್ದಾಳೆ ಅನ್ನುವುದೇ ಮರೆತು, ಅದೇ ಕೇಂದ್ರದಲ್ಲಿದ್ದ ಇನ್ನೊಬ್ಬ ರೋಗಿ ಮಹಿಳೆಯನ್ನು ಜಾನ್ ಹಚ್ಚಿಕೊಂಡರು. ಕೈ ಹಿಡಿದು ಜೊತೆಯಲ್ಲಿ ಕೂರುತ್ತಿದ್ದರು. 2007ರಲ್ಲಿ ಅವರ ಮಗನೇ ಟಿವಿಯಲ್ಲಿ ಇದನ್ನು ಹೇಳಿದ. ಅಪ್ಪ ಈಗ ನೆಮ್ಮದಿಯಾಗಿದ್ದಾರೆ, ಅಷ್ಟು ಸಾಕು ಅಂತ ಅಮ್ಮ ಸಂತೋಷವಾಗಿದ್ದಾರೆ ಅಂದ.

ಸ್ವಲ್ಪ ಯೋಚನೆ ಮಾಡಿ. ಐವತ್ತು ವರ್ಷಕ್ಕಿಂತ ಹೆಚ್ಚು ಸಂಸಾರ. ಯಾರಿಗಾಗಿ ಎಲ್ಲಾ ಬಿಟ್ಟು ಬಂದರೋ, ಅವರಿಗೆ ಇವರು ಯಾರೋ. ಎದುರಿಗೆ ಇನ್ನೊಬ್ಬಳ ಕೈ ಹಿಡಿದು ಕೂತಿದ್ದಾರೆ. ಈ ತಾಯಿ ಹೋಗಿ ನೋಡಿ ಮಾತಾಡಿಸಿ ಬರುತ್ತಿದ್ದರು.

ಇದು ವ್ಯಭಿಚಾರ ಅಲ್ವಾ ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ಪಾಪಕ್ಕೆ ಇಚ್ಛೆ ಬೇಕು, ತಿಳುವಳಿಕೆ ಬೇಕು. ಮದುವೆಯಾಗಿದೆ ಅನ್ನುವುದೇ ಅಳಿಸಿಹೋದ ಮನುಷ್ಯ ಒಡಂಬಡಿಕೆ ಮುರಿಯುವುದಾದರೂ ಹೇಗೆ? ನಾನು ನೋಡುವುದು ಇದನ್ನು: ಒಡಂಬಡಿಕೆ ಇಬ್ಬರು ಸೇರಿ ಮಾಡಿದ್ದು. ಒಬ್ಬರ ಕೈ ಜಾರಿತು. ನೆನಪಿದ್ದವರು ಇಬ್ಬರ ಪಾಲನ್ನೂ ಹೊತ್ತುಕೊಂಡರು. ಪ್ರೀತಿ ಸ್ವಪ್ರಯೋಜನ ಹುಡುಕುವುದಿಲ್ಲ ಅನ್ನುವ ಅರ್ಥದ ಮಾತು 1 ಕೊರಿಂಥ 13ರಲ್ಲಿ ಇದೆ. ನಾವು ಅದನ್ನು ಮದುವೆ ಕಾರ್ಡಿನಲ್ಲಿ ಪ್ರಿಂಟ್ ಹಾಕಿಸುತ್ತೇವೆ. ಆ ಮಾತು ಆರೈಕೆ ಕೇಂದ್ರದ ಕೋಣೆಯಲ್ಲಿ ಹೇಗೆ ಕಾಣುತ್ತೆ ಅನ್ನುವುದು ಇದು.

ಜಾನ್ 2009ರ ನವೆಂಬರಿನಲ್ಲಿ ತೀರಿಕೊಂಡರು. ಅದಾದ ಮೇಲೂ ಈ ತಾಯಿ ಶಾಲಾ ಮಕ್ಕಳಿಗೆ ಪೌರನೀತಿ ಕಲಿಸುವ ಕೆಲಸದಲ್ಲಿ ತೊಡಗಿಕೊಂಡರು. 2018ರ ಅಕ್ಟೋಬರಿನಲ್ಲಿ ಒಂದು ಪತ್ರ ಬರೆದು ಎಲ್ಲರಿಗೂ ತಿಳಿಸಿದರು: ನನಗೂ ಮರೆವಿನ ಕಾಯಿಲೆ ಶುರುವಾಗಿದೆ, ಬಹುಶಃ ಆಲ್ಝೈಮರ್, ಇನ್ನು ಸಾರ್ವಜನಿಕ ಜೀವನದಲ್ಲಿ ಇರಲಾರೆ. ಆ ಪತ್ರದಲ್ಲಿ ದೂರು ಇಲ್ಲ. ಜೀವನದಲ್ಲಿ ಸಿಕ್ಕ ಆಶೀರ್ವಾದಗಳಿಗಾಗಿ ಕೃತಜ್ಞತೆ ಇದೆ, ಈ ಕಾಯಿಲೆ ಅದನ್ನು ಕಡಿಮೆ ಮಾಡಿಲ್ಲ ಅನ್ನುವ ಮಾತಿದೆ. ಐದು ವರ್ಷದ ಮೇಲೆ ಕರ್ತನು ಕರೆದನು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ರ್‍ಯಾಂಚ್ ಕಲಿಸಿದ ಪಾಠ ಏನು? ಮಾಡಿ ಮುಗಿಸಿದ ಕೆಲಸಕ್ಕೆ ಬೆಲೆ. ಒಳ್ಳೆ ಪಾಠವೇ, ನಾನು ಬೇಡ ಅನ್ನಲ್ಲ. ಆದರೆ ಜೀವನದ ಕೊನೆಯ ಐದು ವರ್ಷಕ್ಕೆ ಆ ಪಾಠ ಸಾಲದು. ಊಟ ತಲುಪಿಸೋಕೆ ಆಗಲ್ಲ, ಟೈರ್ ಬದಲಿಸೋಕೆ ಆಗಲ್ಲ, ಬೇರೆಯವರೇ ಊಟ ತಂದುಕೊಡಬೇಕು. ಆಗ ಮನುಷ್ಯಳ ಬೆಲೆ ಎಲ್ಲಿಂದ ಬರುತ್ತೆ?

ಅದೇ ರ್‍ಯಾಂಚ್‌ನಲ್ಲಿ ಇನ್ನೊಂದು ಪಾಠವೂ ಇತ್ತು. ಅದರ ಹೆಸರು ಲೇಜಿ ಬಿ. ಸೋಮಾರಿ ಅನ್ನುವ ಅರ್ಥ ಅಲ್ಲಿ ಬರಲ್ಲ. ದನಗಳಿಗೆ ಕಬ್ಬಿಣ ಕಾಯಿಸಿ ಹಾಕುವ ಮುದ್ರೆಯ ಹೆಸರು ಅದು. ಬಿ ಅಕ್ಷರವನ್ನು ಅಡ್ಡ ಮಲಗಿಸಿ ಹಾಕಿದರೆ ಅವರ ಭಾಷೆಯಲ್ಲಿ ಲೇಜಿ ಬಿ. ಅಷ್ಟು ದೊಡ್ಡ ಬಯಲಿನಲ್ಲಿ ದನ ಎಲ್ಲೆಲ್ಲೋ ಹೋಗುತ್ತೆ, ಬೇರೆಯವರ ದನದ ಜೊತೆ ಸೇರುತ್ತೆ, ದಾರಿ ತಪ್ಪುತ್ತೆ. ಆಗ ಯಾರದ್ದು ಅಂತ ಹೇಗೆ ಗುರುತಿಸೋದು? ಮುದ್ರೆ ನೋಡಿ. ಒಂದು ಮಾತು ಕೇಳ್ತೀನಿ: ಆ ಕರುವಿಗೆ ತನ್ನ ಮೈಮೇಲೆ ಇರುವ ಅಕ್ಷರ ಓದಲು ಬರುತ್ತಾ? ತಾನು ಯಾರ ಕರು ಅಂತ ಅದು ಬಾಯಿಬಿಟ್ಟು ಹೇಳಬೇಕಾ? ಬೇಡ. ಯಜಮಾನನಿಗೆ ಗೊತ್ತು, ಸಾಕು.

ಎಫೆಸ 1:13 ನೋಡಿ. ನಂಬಿದವರ ಮೇಲೆ ಪವಿತ್ರಾತ್ಮನ ಮುದ್ರೆ ಇದೆ ಅಂತ ಪೌಲನು ಬರೆಯುತ್ತಾನೆ. 2 ತಿಮೊಥೆಯ 2:19ರಲ್ಲಿಯೂ ಮುದ್ರೆಯ ಮಾತಿದೆ: ತನ್ನವರು ಯಾರು ಅಂತ ಕರ್ತನಿಗೆ ಗೊತ್ತು. ಗಲಾತ್ಯ 4:9ರಲ್ಲಂತೂ ಪೌಲನು ತನ್ನ ಮಾತನ್ನೇ ತಿದ್ದಿಕೊಳ್ಳುತ್ತಾನೆ. ನೀವು ದೇವರನ್ನು ತಿಳಿದುಕೊಂಡಿದ್ದೀರಿ ಅಂತ ಶುರು ಮಾಡಿ, ಇಲ್ಲ ಇಲ್ಲ, ದೇವರು ನಿಮ್ಮನ್ನು ತಿಳಿದುಕೊಂಡಿದ್ದಾನೆ ಅನ್ನುತ್ತಾನೆ. ಹಲ್ಲೆಲೂಯ! ನಮ್ಮ ನಂಬಿಕೆಯ ಬೇರು ನಮ್ಮ ತಲೆಯೊಳಗೆ ಇಲ್ಲ, ಆತನ ನೆನಪಿನಲ್ಲಿ ಇದೆ. ನಮ್ಮ ಹೆಸರು ಬರೆದಿರುವುದು ನಮ್ಮ ಮೆದುಳಿನಲ್ಲಿ ಅಲ್ಲ, ಆತನ ಅಂಗೈಯಲ್ಲಿ. ಯೆಶಾಯ 49:16.

ಹಾಗಾದರೆ ಆ ತಂಗಿಗೆ ಉತ್ತರ: ಅಜ್ಜಿ ಯೇಸುವನ್ನು ಮರೆತಿರಬಹುದು. ಯೇಸು ಅಜ್ಜಿಯನ್ನು ಮರೆತಿಲ್ಲ. ರಕ್ಷಣೆ ಯಾವತ್ತೂ ಅಜ್ಜಿಯ ಹಿಡಿತದ ಮೇಲೆ ನಿಂತಿರಲಿಲ್ಲ. ಅವರು ಗಟ್ಟಿಯಾಗಿದ್ದಾಗಲೂ ಇಲ್ಲ, ಈಗಲೂ ಇಲ್ಲ. ಆ ವಿಷಯ ಈಗ ನಮ್ಮ ಕಣ್ಣಿಗೆ ಕಾಣುತ್ತಿದೆ, ಅಷ್ಟೇ.

ಪೆಂಟೆಕೋಸ್ಟಲ್ ಜನರಾದ ನಮಗೆ ಇದು ಎಲ್ಲರಿಗಿಂತ ಮೊದಲು ಅರ್ಥ ಆಗಬೇಕು. 1906ನೇ ಇಸವಿ ನಮಗೆ ಗೊತ್ತು. ಆ ವರ್ಷ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನ ಅಝೂಸಾ ಬೀದಿಯಲ್ಲಿ ಉಜ್ಜೀವನ ಶುರುವಾಯಿತು. ಅದೇ ವರ್ಷ ನವೆಂಬರಿನಲ್ಲಿ, ಜರ್ಮನಿಯ ಟ್ಯೂಬಿಂಗನ್ ಊರಿನಲ್ಲಿ, ಅಲೋಯಿಸ್ ಆಲ್ಝೈಮರ್ ಅನ್ನುವ ಡಾಕ್ಟರ್ ಈ ಮರೆವಿನ ಕಾಯಿಲೆಯನ್ನು ಮೊದಲ ಸಲ ಬೇರೆ ಡಾಕ್ಟರುಗಳ ಮುಂದೆ ವಿವರಿಸಿದರು. ಒಂದು ಕಡೆ ಜನ ತಮ್ಮ ಬುದ್ಧಿಗೆ ನಿಲುಕದ ಭಾಷೆಯಲ್ಲಿ ದೇವರನ್ನು ಸ್ತುತಿಸುತ್ತಿದ್ದಾರೆ. ಇನ್ನೊಂದು ಕಡೆ ಬುದ್ಧಿ ಹೇಗೆ ಸವೆದುಹೋಗುತ್ತೆ ಅಂತ ಒಬ್ಬರು ತೋರಿಸುತ್ತಿದ್ದಾರೆ. ನಾವು ಅನ್ಯಭಾಷೆಯಲ್ಲಿ ಪ್ರಾರ್ಥಿಸುವಾಗ ಆತ್ಮ ಪ್ರಾರ್ಥಿಸುತ್ತೆ, ಬುದ್ಧಿ ಸುಮ್ಮನಿರುತ್ತೆ ಅಂತ 1 ಕೊರಿಂಥ 14:14 ಹೇಳುತ್ತೆ. ಬುದ್ಧಿ ಸುಮ್ಮನಿದ್ದರೂ ಪ್ರಾರ್ಥನೆ ನಡೆಯುತ್ತೆ ಅಂತ ನಂಬುವ ನಾವು, ಬುದ್ಧಿ ಸೋತವರನ್ನು ನೋಡಿ ಅವರೊಳಗೆ ದೇವರ ಕೆಲಸ ಮುಗಿಯಿತು ಅಂತ ಹೇಗೆ ಹೇಳೋದು? ಅಜ್ಜಿಯ ತೊದಲು ಮಾತೇ ಅನ್ಯಭಾಷೆ ಅಂತ ನಾನು ಹೇಳ್ತಿಲ್ಲ. ಹಾಗೆ ಯಾರೂ ಹೇಳಿಕೊಂಡು ತಿರುಗಬೇಡಿ. ಮಾತೇ ಬಾರದವರ ಪರವಾಗಿ ಆತ್ಮನು ಮಾತಿಲ್ಲದ ನರಳಾಟದಿಂದ ಬೇಡುತ್ತಾನೆ ಅನ್ನುವ ರೋಮ 8:26 ಅವರಿಗೂ ಸೇರುತ್ತೆ ಅಂತ ಹೇಳ್ತಿದ್ದೇನೆ.

ಹಾಗಾದರೆ ಬ್ರದರ್, ವಚನ ಬಾಯಿಪಾಠ ಯಾಕೆ, ದಿನಾ ಪ್ರಾರ್ಥನೆ ಯಾಕೆ, ದೇವರೇ ಹಿಡಿದಿದ್ದಾನಲ್ಲ? ಒಳ್ಳೆ ಪ್ರಶ್ನೆ. ಆ ಒಣ ಬಯಲಿನಲ್ಲಿ ದನ ಬದುಕುತ್ತಿದ್ದದ್ದು ಬಾವಿಗಳಿಂದ, ಗಾಳಿಯಂತ್ರಗಳು ಮೇಲೆತ್ತುವ ನೀರಿನಿಂದ. ಬರ ಬಂದ ಮೇಲೆ ಬಾವಿ ತೋಡೋಕೆ ಹೋದರೆ ಆಗಲ್ಲ. ಯೌವನದಲ್ಲೇ ಸೃಷ್ಟಿಕರ್ತನನ್ನು ಸ್ಮರಿಸಬೇಕು ಅನ್ನುವ ಪ್ರಸಂಗಿ 12ರ ಎಚ್ಚರಿಕೆ ಇದಕ್ಕೇ. ಇತ್ತೀಚಿನ ವಿಷಯಗಳೆಲ್ಲ ಮರೆತವರೂ ಹಳೆಯ ಹಾಡಿನ ಸಾಲು ಶುರು ಮಾಡಿದರೆ ಜೊತೆಯಲ್ಲಿ ಹಾಡುವುದುಂಟು. ಹಾಡಿನ ನೆನಪು ಎಷ್ಟೋ ರೋಗಿಗಳಲ್ಲಿ ಬಹಳ ಕಾಲ ಉಳಿಯುತ್ತೆ. ಆಳಕ್ಕೆ ಇಳಿದದ್ದು ತಡವಾಗಿ ಒಣಗುತ್ತೆ. ಆದರೆ ಬಾವಿ ತೋಡಿದ್ದರಿಂದ ರಕ್ಷಣೆ ಸಿಗಲ್ಲ. ಬಾವಿ ಬತ್ತಿದರೂ ಮುದ್ರೆ ಅಳಿಯಲ್ಲ.

ಇನ್ನು ನಾವು ಏನು ಮಾಡಬೇಕು? ಮೂರು ವಿಷಯ ಹೇಳಿ ಮುಗಿಸ್ತೇನೆ.

ಮೊದಲನೆಯದು, ಕಾಯಿಲೆಯನ್ನು ಕಾಯಿಲೆ ಅಂತ ಒಪ್ಪಿಕೊಳ್ಳಿ. ಅರವತ್ತಕ್ಕೆ ಅರಳು ಮರಳು ಅಂತ ನಗಬೇಡಿ. ಅದಕ್ಕಿಂತ ಮುಖ್ಯ, ದೆವ್ವ ಹಿಡಿದಿದೆ ಅಂತ ಆ ವಯಸ್ಸಾದ ಜೀವದ ತಲೆ ಮೇಲೆ ಕೈಯಿಟ್ಟು ಗದರಿಸಬೇಡಿ. ಸ್ವಸ್ಥತೆಗಾಗಿ ಪ್ರಾರ್ಥಿಸೋಣ, ನಮ್ಮ ದೇವರು ಸ್ವಸ್ಥ ಮಾಡುವವನು. ಅದರ ಜೊತೆ ಡಾಕ್ಟರ ಹತ್ತಿರ ಕರಕೊಂಡು ಹೋಗಿ. ನಮ್ಮ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅವರು ಕೋಪದಲ್ಲಿ ಕೆಟ್ಟ ಮಾತು ಆಡಿದರೆ, ದೇವರನ್ನೇ ಬೈದರೆ, ಅದನ್ನು ಅವರ ಲೆಕ್ಕಕ್ಕೆ ಬರೆಯಬೇಡಿ. ನಾವು ಮಣ್ಣು ಅನ್ನುವುದನ್ನು ದೇವರು ನೆನಪಿಟ್ಟಿದ್ದಾನೆ. ಕೀರ್ತನೆ 103:14.

ಎರಡನೆಯದು, ಪರೀಕ್ಷೆ ಮಾಡಬೇಡಿ. ನಾವೆಲ್ಲ ಹೋಗಿ ಮೊದಲು ಕೇಳುವುದೇ, "ಅಜ್ಜಿ, ನಾನ್ಯಾರು ಹೇಳಿ ನೋಡೋಣ?" ಅವರು ತಡವರಿಸುತ್ತಾರೆ, ಮನೆಯವರೆಲ್ಲ ನಗುತ್ತಾರೆ, ಅವರ ಮುಖ ಸಣ್ಣದಾಗುತ್ತೆ. ಅದರ ಬದಲು ಹೋಗಿ ಕೈ ಹಿಡಿದು ಹೇಳಿ: "ಅಜ್ಜಿ, ನಾನು ನಿಮ್ಮ ಮೊಮ್ಮಗಳು. ನಿಮ್ಮನ್ನು ನೋಡೋಕೆ ಬಂದಿದ್ದೀನಿ." ನಿನಗೆ ನಾನು ಗೊತ್ತಾ ಅನ್ನುವುದು ಬೇಡ, ನನಗೆ ನೀವು ಗೊತ್ತು ಅನ್ನಿ. ಸುವಾರ್ತೆ ಅಂದರೆ ಅದೇ ಅಲ್ವಾ?

ಮೂರನೆಯದು, ನೋಡಿಕೊಳ್ಳುವವರನ್ನು ನೋಡಿಕೊಳ್ಳಿ. ನಮ್ಮ ಸಭೆಯಲ್ಲೇ ಭಾನುವಾರ ಬರಲಾಗದ ಸೊಸೆಯಂದಿರು, ಹೆಣ್ಣುಮಕ್ಕಳು ಇದ್ದಾರೆ. ಅತ್ತೆಯನ್ನು ಒಂಟಿಯಾಗಿ ಬಿಡುವ ಹಾಗಿಲ್ಲ. ಅವರನ್ನು ಕಂಡಾಗ, "ಏನಕ್ಕ, ಸಭೆಗೆ ಕಾಣಲೇ ಇಲ್ಲ?" ಅಂತ ಕೇಳಬೇಡಿ. ಅವರು ಆರಾಧನೆಯಲ್ಲೇ ಇದ್ದಾರೆ. ಯೂತ್‌ನವರು ಇಬ್ಬಿಬ್ಬರು ಸೇರಿ ಒಂದೊಂದು ಮನೆಗೆ ಹೋಗಿ ಎರಡು ಗಂಟೆ ಕೂರಿ, ಆ ಅಕ್ಕ ಸಭೆಗೆ ಬಂದು ಹೋಗಲಿ. ಬೇಡ ಅನಿಸಿದರೆ ಮಲಗಿ ನಿದ್ದೆ ಮಾಡಲಿ, ಅದೂ ಒಳ್ಳೆಯದೇ. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಹೆಸರು ಬರೆಯಿರಿ.

ಇನ್ನು ನಿಮ್ಮ ಬಗ್ಗೆ ಒಂದು ಮಾತು. ನೀವು ದುಡಿಯುವ ಲೋಕ ವರ್ಷಕ್ಕೊಮ್ಮೆ ಅಪ್ರೈಸಲ್ ಮಾಡಿ ರೇಟಿಂಗ್ ಕೊಡುತ್ತೆ. ಇನ್ನೂ ಬೇಗ ಹೊರಡಬೇಕಿತ್ತು ಅನ್ನುತ್ತೆ. ನಿಮ್ಮಲ್ಲಿ ಎಷ್ಟೋ ಜನ ದೇವರೂ ಹಾಗೇ ಅಂದುಕೊಂಡು, ಸುಸ್ತಾದ ಎತ್ತಿನ ಹಾಗೆ ಹೆಸರು, ಹುದ್ದೆ, ಸೇವೆ ಎಲ್ಲವನ್ನೂ ಹೊತ್ತುಕೊಂಡು ಇಲ್ಲಿ ಬಂದು ಕೂತಿದ್ದೀರಿ. ಕೆಲಸ ಚೆನ್ನಾಗಿ ಮಾಡಿ. ಆದರೆ ನೀವು ಹೊರುತ್ತಿರುವುದು ಯಾವುದೂ ಕೊನೆಗೆ ನಿಮ್ಮನ್ನು ಹೊರುವುದಿಲ್ಲ. ಹೊರುವವನು ಒಬ್ಬನೇ. ನಿಮ್ಮ ಕೈಯಲ್ಲಿ ಏನೂ ಆಗದ ದಿನಕ್ಕೂ ಆತನೇ.

ತಲೆಬಾಗಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಸ್ತೋತ್ರ. ಮರೆವಿನಲ್ಲಿ ಇರುವ ನಮ್ಮ ಅಜ್ಜ ಅಜ್ಜಿಯರನ್ನು, ತಂದೆ ತಾಯಿಯರನ್ನು ಹೆಸರು ಹೆಸರಾಗಿ ನಿನಗೆ ಒಪ್ಪಿಸುತ್ತೇವೆ. ಅವರಿಗೆ ನಿನ್ನ ಹೆಸರು ಬಾರದಿದ್ದರೂ ಅವರ ಹೆಸರು ನಿನಗೆ ಗೊತ್ತು. ರಾತ್ರಿ ನಿದ್ದೆಯಿಲ್ಲದೆ ಅವರನ್ನು ನೋಡಿಕೊಳ್ಳುವವರಿಗೆ ಬಲ ಕೊಡು, ಸಿಟ್ಟು ಬಂದಾಗ ತಾಳ್ಮೆ ಕೊಡು. ನಾವು ಗಟ್ಟಿಯಾಗಿರುವಾಗಲೇ ನಿನ್ನ ತೋಳಿನ ಮೇಲೆ ಒರಗಲು ಕಲಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.